‘ನೇಶನ್’ಗೆ ರಾಷ್ಟ್ರ ಎನ್ನೋಣವೇ, ನಾಡು ಎನ್ನೋಣವೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳಬೇಕಿದೆ. ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕೆನಡಾದ ಪ್ರಾಂತ ಕ್ವೆಬೆಕ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ವಾಕ್ಯದ ಹತ್ತಿರ ನಾಲ್ಕು ದಿನದಿಂದ ಕೂತಿದ್ದೇನೆ.

2006ರ ನವೆಂಬರ್ 27ರಂದು ಕೆನಡಾ ಸಂಸತ್ತಿನ ಕೆಳಮನೆ 265–16 ಮತಗಳಿಂದ ಒಂದು ಗೊತ್ತುವಳಿ ಒಪ್ಪಿತು. ಕೆಬೆಕ್ವಾ ಜನ (ಕ್ವೆಬೆಕ್‌ನವರಿಗೆ ಫ್ರೆಂಚ್ ಹೆಸರು) ‘ಒಗ್ಗಟ್ಟಾದ ಕೆನಡಾದೊಳಗೆ ಒಂದು ನೇಶನ್’ ಎಂಬುದು ಅದರ ತಿರುಳು. ಮೊದಲು ‘ರಾಷ್ಟ್ರ’ ಎಂದು ಬರೆದೆ. ಓದಿ ನೋಡಿದರೆ, ಅವರು ಆಗಲೇ ಬೇರೆ ದೇಶ ಮಾಡಿಕೊಂಡು ಹೋದರೇನೋ ಅನ್ನಿಸಿತು. ರಾಷ್ಟ್ರಪತಿ, ರಾಷ್ಟ್ರಧ್ವಜ ಕೇಳಿದ ಕಿವಿಗೆ ರಾಷ್ಟ್ರವೆಂದರೆ ದೇಶವೇ. ಬೇರೆಯಾಗಬೇಕೇ ಎಂಬುದನ್ನು 1995ರ ಜನಮತಗಣನೆಯಲ್ಲಿ ಕೇಳಿ, ಕೂದಲೆಳೆಯ ಅಂತರದಲ್ಲಿ ಬೇಡವೆಂದಾಗಿತ್ತು. 2006ರ ಮಾತು ಇನ್ನೊಂದು: ದೇಶ ಒಡೆಯದೆಯೂ ನೇಶನ್ ಆಗಿರಬಹುದು ಎಂಬುದು.

ಹಾಗಾದರೆ ‘ಜನಾಂಗ’? ಅದರಲ್ಲಿ ರಕ್ತ, ವಂಶದ ವಾಸನೆ ಇದೆ. ಅಲ್ಲಿನ ಜಗಳ ಎದ್ದದ್ದೂ ಇದೇ ಜಾಗದಲ್ಲಿ. ಗೊತ್ತುವಳಿಯ ಇಂಗ್ಲಿಷ್ ಪಾಠ ರೂಢಿಯ ‘ಕ್ವೆಬೆಕರ್ಸ್’ ಬಿಟ್ಟು ‘ಕೆಬೆಕ್ವಾ’ ಎಂಬ ಫ್ರೆಂಚ್ ಪದವನ್ನೇ ಇಟ್ಟುಕೊಂಡಿತು. ಅದು ಕ್ವೆಬೆಕ್‌ನಲ್ಲಿ ನೆಲೆಸಿದ ಎಲ್ಲರೋ, ಹಳೆಯ ಫ್ರೆಂಚ್ ಮೂಲದವರಷ್ಟೇಯೋ? ಇದು ಜನಾಂಗೀಯ ರಾಷ್ಟ್ರವಾದಕ್ಕೆ ಮಣೆ ಹಾಕಿದಂತೆ ಎಂದು ಮೈಕೆಲ್ ಚಾಂಗ್ ಮಂತ್ರಿ ಪದವಿಯನ್ನೇ ಬಿಟ್ಟರು. ನಮ್ಮ ‘ಕನ್ನಡಿಗ’ದಲ್ಲೂ ಇದೇ ತೊಡಕಿದೆಯಲ್ಲ: ಭಾಷೆಯವನೋ, ನೆಲದವನೋ? ಹಾಗಾಗಿ ‘ಜನಾಂಗ’ ಎಂದು ಬರೆದರೆ, ಅವರು ತೀರ್ಮಾನಿಸದೆ ಬಿಟ್ಟದ್ದನ್ನು ನಾನು ತೀರ್ಮಾನಿಸಿದಂತಾಗುತ್ತದೆ. ಅನುವಾದಕನಿಗೆ ಆ ಹಕ್ಕಿಲ್ಲ.

ನನ್ನ ಒಲವು ‘ನಾಡು’ ಕಡೆಗೆ. ಫ್ರೆಂಚ್ ಮಾತು, ಬ್ರಿಟಿಷರ ಆಳ್ವಿಕೆಯಲ್ಲೂ 1774ರ ಕಾಯಿದೆಯಿಂದ ಉಳಿದುಬಂದ ಫ್ರೆಂಚ್ ಸಿವಿಲ್ ಕಾನೂನು, ತಾವು ಒಂದು ಎಂಬ ನೆನಪು ಎಲ್ಲವೂ ಆ ಪದದಲ್ಲಿ ಹಿಡಿಸುತ್ತವೆ. ಸೇನೆ, ಗಡಿ ಕೇಳುವುದಿಲ್ಲ. 1968ರಿಂದ ‘ನ್ಯಾಷನಲ್ ಅಸೆಂಬ್ಲಿ’ ಎನಿಸಿಕೊಂಡಿರುವ ಅವರ ಶಾಸನಸಭೆಯನ್ನು ‘ರಾಷ್ಟ್ರೀಯ ಸಭೆ’ ಎಂದರೆ ಓದುವವರು ಕೆನಡಾದ ಸಂಸತ್ತು ಅಂದುಕೊಳ್ಳುತ್ತಾರೆ, ‘ನಾಡಸಭೆ’ ಸರಿಹೋಗುತ್ತದೆ.

ಆದರೆ ನಾಡು ನೆಲ. ಗೊತ್ತುವಳಿ ನೇಶನ್ ಎಂದದ್ದು ಜನರನ್ನು. ‘ಕೆಬೆಕ್ವಾ ಜನ ಒಂದು ನಾಡು’ ಎಂದರೆ ವಾಕ್ಯ ಕುಂಟುತ್ತದೆ.

ಇನ್ನೂ ದೊಡ್ಡ ತೊಡಕು ‘ಫಸ್ಟ್ ನೇಶನ್ಸ್’: ಯುರೋಪಿನವರು ಬರುವ ಮೊದಲೇ ಅಲ್ಲಿದ್ದ ಮೂಲನಿವಾಸಿ ಸಮುದಾಯಗಳು. ಕೆನಡಾದಲ್ಲಿ ಇಂಥವು ಆರುನೂರಕ್ಕೂ ಹೆಚ್ಚು, ಕೆಲವುಗಳಲ್ಲಿ ಕೆಲವೇ ನೂರು ಜನ. ಇವರನ್ನು ‘ಬುಡಕಟ್ಟು’ ಎಂದು ಬರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಬ್ರಿಟಿಷ್ ಅರಸೊತ್ತಿಗೆಯೊಡನೆ ಒಪ್ಪಂದ ಮಾಡಿಕೊಂಡವರು ಇವರಲ್ಲೇ ಎಷ್ಟೋ ಮಂದಿ. ನೇಶನ್ ಎಂಬ ಪದವನ್ನು ಅವರು ಬೇಕೆಂದೇ ಆರಿಸಿಕೊಂಡರು. ಕನ್ನಡಕ್ಕೆ ಬರುವಾಗ ಅದನ್ನೇ ಕಿತ್ತುಕೊಳ್ಳುವುದು ತಪ್ಪು.

‘ಜನಪದ’ಕ್ಕೆ ನೆಲ, ಅಲ್ಲಿನ ಜನ ಎರಡೂ ಎಂಬ ಹಳೆಯ ಅರ್ಥವಿತ್ತು. ಈಗ ಅದು ಹಾಡು, ಕುಣಿತಕ್ಕೆ ಅಂಟಿಕೊಂಡಿದೆ. ಹಳೆಯ ಅರ್ಥದಲ್ಲಿ ಈಗಿನ ಗದ್ಯದಲ್ಲಿ ಯಾರಾದರೂ ಬಳಸಿದ್ದೀರಾ? ಸದ್ಯಕ್ಕೆ ಕರಡಿನಲ್ಲಿ ಪೆನ್ಸಿಲ್‌ನಿಂದ ‘ನಾಡಜನ’ ಎಂದು ಬರೆದಿಟ್ಟಿದ್ದೇನೆ. ಒಪ್ಪದವರು ಯಾಕೆ ಒಪ್ಪುವುದಿಲ್ಲವೆಂದೂ ದಯವಿಟ್ಟು ತಿಳಿಸಿ.