ಶಿರಸಿಯಿಂದ ಕಡಲಿನವರೆಗೆ 100 ಕಿಲೋಮೀಟರ್ ಕಾಡುದಾರಿಯ ಓಟ: ಸಂಘಟನೆಯ ಕುರಿತು ಸಲಹೆ ಬೇಕು

ಪ್ರಶ್ನೆ: ಶಿರಸಿಯ ಸದಸ್ಯರು

ಎಲ್ಲರಿಗೂ ನಮಸ್ಕಾರ. ಶಿರಸಿಯ ನಾವು ಕೆಲವು ಓಟಗಾರರು ಸೇರಿ 100 ಕಿಲೋಮೀಟರ್ ಉದ್ದದ ಒಂದು ಟ್ರೇಲ್ ಓಟವನ್ನು ನಡೆಸಬೇಕೆಂದು ಯೋಚಿಸುತ್ತಿದ್ದೇವೆ. ಬೆಳಿಗ್ಗೆ ಶಿರಸಿಯಿಂದ ಹೊರಟು, ಅಘನಾಶಿನಿ ಕಣಿವೆಯ ಅಂಚಿನಲ್ಲಿ ಉಂಚಳ್ಳಿ ಜಲಪಾತದ ಆಸುಪಾಸಿಗೆ ಬಂದು, ಘಟ್ಟ ಇಳಿದು, ಯಾಣದ ಬಂಡೆಗಳ ಬಳಿ ಹಾದು, ಕುಮಟಾ ಕಡೆಯ ಸಮುದ್ರತೀರದಲ್ಲಿ ಮುಗಿಸುವುದು ನಮ್ಮ ಮೊದಲ ಕಲ್ಪನೆ. ಒಂದು ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಈ ಘಟ್ಟಗಳನ್ನು ಇಳಿದೇ ಕುಮಟಾ ಬಂದರು ಸೇರುತ್ತಿತ್ತು. ಅಂಥ ನೆಲದಲ್ಲಿ, ಇಂದಿಗೂ ಅಣೆಕಟ್ಟು ಕಾಣದೆ ಹರಿಯುವ ನದಿಯೊಂದರ ಜೊತೆಯಲ್ಲಿ ಓಡಿ ಕಡಲು ಸೇರುವ ಅನುಭವವನ್ನು ಹೊರಗಿನವರಿಗೂ ಕೊಡಬೇಕೆಂಬ ಆಸೆ ನಮ್ಮದು.

ಅಮೆರಿಕದ ಟೆನೆಸಿಯಲ್ಲಿ 1986ರಿಂದ ನಡೆಯುತ್ತಿರುವ ಬಾರ್ಕ್ಲಿ ಮ್ಯಾರಥಾನ್‌ನ ಕಥೆಗಳನ್ನು ಓದಿದ ಮೇಲೆ, ದಾರಿಯುದ್ದಕ್ಕೂ ಗುರುತಿನ ಪಟ್ಟಿ ಕಟ್ಟದೆ ಓಟಗಾರರೇ ದಾರಿ ಹುಡುಕಿಕೊಳ್ಳುವಂತೆ ಮಾಡಿದರೆ ಹೇಗೆ ಎಂಬ ಮಾತೂ ನಮ್ಮಲ್ಲಿ ಬಂದಿದೆ. ಅನುಮತಿ, ಋತು, ಚೆಕ್‌ಪಾಯಿಂಟ್, ವೈದ್ಯಕೀಯ ನೆರವು, ಈ ಎಲ್ಲವುಗಳಲ್ಲಿ ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು? ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಾರವಾರದಿಂದ, ದೂರದ ಓಟಗಳಲ್ಲಿ ಸ್ವಯಂಸೇವಕರಾಗಿ ದುಡಿದವರು

ನಿಮ್ಮ ಉತ್ಸಾಹ ನೋಡಿ ಸಂತೋಷವಾಯಿತು. ಆದರೆ ಓಟದ ದಾರಿಯನ್ನು ನಕ್ಷೆಯ ಮೇಲೆ ಎಳೆಯುವ ಮುನ್ನ ಇನ್ನೊಂದು ನಕ್ಷೆ ಸಿದ್ಧವಾಗಬೇಕು. ಕಾಲು ಮುರಿದುಕೊಂಡ ಒಬ್ಬ ವ್ಯಕ್ತಿಯನ್ನು ಯಾವ ಜಾಗದಿಂದ, ಯಾರು, ಎಷ್ಟು ಹೊತ್ತಿನಲ್ಲಿ, ಯಾವ ರಸ್ತೆಗೆ ಹೊತ್ತು ತರುತ್ತಾರೆ ಎಂಬುದು ಅದರಲ್ಲಿರಬೇಕು. ಘಟ್ಟದ ಕಡಿದಾದ ಕಾಲುದಾರಿಯಲ್ಲಿ ಸ್ಟ್ರೆಚರ್ ಹಿಡಿದವರು ಗಂಟೆಗೆ ಒಂದು ಕಿಲೋಮೀಟರ್ ಸಾಗುವುದೂ ಕಷ್ಟ, ಮತ್ತು ಹೊರುವವರು ಸರದಿಯಲ್ಲಿ ಬದಲಾಗುತ್ತಲೇ ಇರಬೇಕಾಗುತ್ತದೆ. ಹೀಗೆ ಲೆಕ್ಕ ಹಾಕಿದಾಗ ಜೀಪು ಬರುವ ಜಾಗದಿಂದ ಐದಾರು ಕಿಲೋಮೀಟರ್ ದೂರ ಕಾಡಿನೊಳಗಿರುವ ತುಣುಕೊಂದು ನಮ್ಮ ಓಟಕ್ಕೆ ಒದಗುವುದಿಲ್ಲ ಎಂದು ಗೊತ್ತಾದರೆ, ಅದು ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಬೈಯಿನ್ ಬಳಿ ನಡೆದ 100 ಕಿಲೋಮೀಟರ್ ಓಟದಲ್ಲಿ ಹೊರಟ 172 ಮಂದಿಯಲ್ಲಿ 21 ಮಂದಿ ಚಳಿಗೆ ಮೈ ಸೆಟೆದು ಸತ್ತರು. ಎತ್ತರದ ಏರಿನಲ್ಲಿ ಬಿರುಗಾಳಿ, ಆಲಿಕಲ್ಲು, ಥಂಡಿ ಮಳೆ ಒಟ್ಟಿಗೇ ಎರಗಿದಾಗ ಅವರಲ್ಲಿ ಹಲವರ ಮೈಮೇಲೆ ಅಂಗಿ, ಚಡ್ಡಿ ಮಾತ್ರ ಇದ್ದವು. ಗಾಳಿ ತಡೆಯುವ ಜಾಕೆಟ್ಟನ್ನು ಕಡ್ಡಾಯ ಮಾಡಿರಲಿಲ್ಲ, ಮತ್ತು ಆ ಏರಿನ ತುದಿಯ ಚೆಕ್‌ಪಾಯಿಂಟ್‌ಗೆ ವಾಹನ ಹೋಗುವ ದಾರಿಯೇ ಇರಲಿಲ್ಲ. ಆರು ಮಂದಿಯನ್ನು ಉಳಿಸಿದ್ದು ಅಲ್ಲೇ ಗುಹೆಯೊಂದರಲ್ಲಿ ತಂಗಿದ್ದ ಕುರಿಗಾಹಿ. ನಮ್ಮಲ್ಲಿ ಅಂಥ ಚಳಿ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳಬಾರದು. ಅಕಾಲದ ಮಳೆಯಲ್ಲಿ ನೆನೆದು, ಸುಸ್ತಾಗಿ, ರಾತ್ರಿ ಘಟ್ಟದ ಮೇಲೆ ಅಲುಗಾಡದೆ ಕುಳಿತ ಓಟಗಾರನ ಮೈ ಇಲ್ಲಿಯೂ ಅಪಾಯದ ಮಟ್ಟಕ್ಕೆ ತಣಿಯುತ್ತದೆ.

ಬಾರ್ಕ್ಲಿಯ ವಿಷಯದಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಅಲ್ಲಿ ಗುರುತಿಲ್ಲ, ದಾರಿಯಲ್ಲಿ ಇಟ್ಟಿರುವ ಪುಸ್ತಕಗಳಿಂದ ಹಾಳೆ ಹರಿದು ತರಬೇಕು, 60 ಗಂಟೆಯ ಮಿತಿ ಇದೆ, ಎಲ್ಲವೂ ನಿಜ. ಆದರೆ ಆ ಓಟ ಐದು ಸುತ್ತುಗಳದ್ದು, ಪ್ರತಿ ಸುತ್ತೂ ಅದೇ ಶಿಬಿರಕ್ಕೆ ಮರಳುತ್ತದೆ. ಜೊತೆಗೆ ಅಲ್ಲಿ ಓಡುವವರು ಸುಮಾರು 40 ಮಂದಿ ಮಾತ್ರ, ಅದೂ ಆಯ್ದ ಅನುಭವಿಗಳು. ಪ್ರಪಂಚದ ಅತಿ ಕಠಿಣ ಓಟಗಳಲ್ಲಿ ಒಂದೆನಿಸಿದ್ದೇ ಹೀಗೆ ನಡೆಯುತ್ತಿರುವಾಗ, ನೀವು ಮೊದಲ ವರ್ಷವೇ ಗುರುತಿಲ್ಲದ ಒಮ್ಮುಖ ದಾರಿಯನ್ನು ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಸಲಹೆ ಹೀಗಿದೆ. ಬೆಳಿಗ್ಗೆ ಶಿರಸಿಯಿಂದ ಹೊರಟರೆ ಮಧ್ಯಮ ವೇಗದವರು ಘಟ್ಟದ ಬಾಯಿಗೆ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ನವೆಂಬರ್ ಕೊನೆಗೆ ಇಲ್ಲಿ ಸಂಜೆ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆದ್ದರಿಂದ ಮಧ್ಯಾಹ್ನ ಹೊರಟು, ರಾತ್ರಿಯ ಭಾಗವನ್ನು ಘಟ್ಟದ ಮೇಲಿನ ಊರುಗಳ ನಡುವಿನ ಮಣ್ಣುರಸ್ತೆಗಳಲ್ಲಿ, ಒಂದು ಶಾಲೆಯನ್ನೋ ದೇವಸ್ಥಾನದ ಅಂಗಳವನ್ನೋ ಕೇಂದ್ರವಾಗಿಟ್ಟುಕೊಂಡು ಸುತ್ತುಗಳಾಗಿ ಓಡಿಸಿ. ಘಟ್ಟ ಇಳಿಯುವ ದಾರಿಯನ್ನು ಬೆಳಿಗ್ಗೆ ಆರೂವರೆಯ ನಂತರವೇ ತೆರೆಯಿರಿ. ಬೇಗ ಬಂದವರು ಅಲ್ಲಿ ಕಾಯಲಿ, ಕಾದ ಸಮಯವನ್ನು ಅವರ ಲೆಕ್ಕದಿಂದ ಕಳೆಯಿರಿ. ಕಟ್-ಆಫ್ ಸಮಯವನ್ನು (ಅಷ್ಟರೊಳಗೆ ತಲುಪದವರನ್ನು ಓಟದಿಂದ ಕೈಬಿಡುವ ಗಡುವನ್ನು) ದೂರ ನೋಡಿ ಮಾತ್ರ ನಿಗದಿ ಮಾಡಬೇಡಿ. ಪ್ರತಿ 100 ಮೀಟರ್ ಏರಿಗೆ ಒಂದು ಕಿಲೋಮೀಟರ್ ಹೆಚ್ಚುವರಿ ದೂರವೆಂದು ಲೆಕ್ಕಿಸುವ ಅಂತರರಾಷ್ಟ್ರೀಯ ಪದ್ಧತಿ ಒಂದು ಅಂದಾಜು ಕೊಡುತ್ತದೆ, ಆದರೆ ಪಾಚಿಗಟ್ಟಿದ ಕಲ್ಲಿನ ಇಳಿಜಾರಿಗೆ ಅದು ಸಾಲದು. ನಿಮ್ಮಲ್ಲಿ ನಿಧಾನವಾಗಿ ಓಡುವವರನ್ನು ಆ ದಾರಿಯಲ್ಲಿ ಇಳಿಸಿ ನೋಡಿ, ಅವರ ಸಮಯವನ್ನೇ ಆಧಾರ ಮಾಡಿಕೊಳ್ಳಿ.

ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಪರವಾನಗಿ ಇರುವ ಹ್ಯಾಮ್ ರೇಡಿಯೋ ಹವ್ಯಾಸಿಗಳನ್ನು ಮೊದಲೇ ಸಂಪರ್ಕಿಸಿ. ಪ್ರತಿ ಚೆಕ್‌ಪಾಯಿಂಟ್‌ನಲ್ಲೂ ಒಳಬಂದ, ಹೊರಹೋದ ಓಟಗಾರರ ಬಿಬ್ (ಎದೆಯ ಮೇಲಿನ ಚೀಟಿ) ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ರೇಡಿಯೋದಲ್ಲಿ ಕೇಂದ್ರಕ್ಕೆ ಒಪ್ಪಿಸಬೇಕು, ಮತ್ತು ಕೊನೆಯ ಓಟಗಾರನ ಹಿಂದೆ, ಯಾರೂ ದಾರಿಯಲ್ಲಿ ಉಳಿಯದಂತೆ ನೋಡಿಕೊಳ್ಳುವ ಇಬ್ಬರು ಸ್ವೀಪರ್‌ಗಳು ಇರಲೇಬೇಕು. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಉಪಗ್ರಹ ಫೋನ್, ಉಪಗ್ರಹ ಸಂದೇಶ ಸಾಧನಗಳನ್ನು ಇಟ್ಟುಕೊಳ್ಳುವುದು ಅಪರಾಧ. ಹೊರದೇಶದ ಓಟಗಾರರು ಗೋವಾ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುವ ಮೊದಲು ನೀವು ಅವರಿಗೆ ಇದನ್ನು ಬರೆದು ತಿಳಿಸಬೇಕು.

ಉತ್ತರ: ಸಿದ್ದಾಪುರದಿಂದ, ಅರಣ್ಯ ಇಲಾಖೆಯ ನಿವೃತ್ತ ಸಿಬ್ಬಂದಿ

ಅನುಮತಿಯ ವಿಷಯವನ್ನು ನಾನು ಹೇಳುತ್ತೇನೆ. ನೀವು ಯೋಚಿಸಿರುವ ದಾರಿಯ ಒಂದು ಪಾಲು ಸಿಂಗಳೀಕದ ನೆಲೆಯಲ್ಲಿ ಬರುವ ಸಾಧ್ಯತೆಯಿದೆ. ಅಘನಾಶಿನಿ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯೊಂದಿಗೆ ಸೇರಿಸಿ ಅಭಯಾರಣ್ಯ ಮಾಡಲಾಯಿತು. ಅಭಯಾರಣ್ಯದ ಒಳಗೆ ಕಾಲಿಡಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮಿನ ಪ್ರಕಾರ ಅನುಮತಿ ಬೇಕು. ನೂರಾರು ಜನರ ಓಟಕ್ಕೆ ಅದು ಸಿಗುವುದೆಂಬ ಭರವಸೆಯಲ್ಲಿ ನೋಂದಣಿ ಶುಲ್ಕ ಸಂಗ್ರಹಿಸಬೇಡಿ. ಮೊದಲು ಶಿರಸಿಯಲ್ಲೇ ಇರುವ ಕೆನರಾ ವೃತ್ತದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ದಾರಿಯ ನಕ್ಷೆಯನ್ನು ಇಟ್ಟು, ಯಾವ ತುಣುಕು ಯಾವ ವಿಭಾಗದ್ದು, ಯಾವುದು ಮೀಸಲು ಅರಣ್ಯ, ಯಾವುದು ಅಭಯಾರಣ್ಯ, ಯಾವುದು ಅಡಕೆ ತೋಟದವರ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಎಂದು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ. ಘಟ್ಟ ಇಳಿದ ತಕ್ಷಣ ಹೊನ್ನಾವರ ವಿಭಾಗ ಬರಬಹುದು, ಆಗ ಎರಡು ಕಡೆಯ ಒಪ್ಪಿಗೆ ಬೇಕಾಗುತ್ತದೆ.

ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳ ಕಡೆಗೆ ದಾರಿಯನ್ನು ತಿರುಗಿಸುವ ಆಲೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಗೇ ಕೈಬಿಡಿ. ಆ ಜೌಗಿನಲ್ಲಿ ಮರಗಳು ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ಉಸಿರಾಡುತ್ತವೆ. ನೂರು ಜೊತೆ ಬೂಟುಗಳು ಹಾದ ಕೆಸರಿನಲ್ಲಿ ಎಳೆಯ ಸಸಿಗಳು ಉಳಿಯುವುದಿಲ್ಲ. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಾಡು ಉಳಿಸಿದ ತಾಲೂಕಿನವರು ನೀವು. ಈ ಎಚ್ಚರವನ್ನು ನಿಮಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಯಾಣದ ಬಗ್ಗೆಯೂ ಒಂದು ಮಾತು. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬಂಡೆಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಈಗಿನ ಓಟಗಳಲ್ಲಿ ವಿಡಿಯೋಗಾಗಿ ಡ್ರೋನ್ ಹಾರಿಸುವ ರೂಢಿ ಬಂದಿದೆ. ಅದರಿಂದ ಕೆರಳಿ ಹೆಜ್ಜೇನು ಎದ್ದರೆ ಓಟಗಾರರಿಗಷ್ಟೇ ಅಲ್ಲ, ದೇವರ ದರ್ಶನಕ್ಕೆ ಬಂದ ಮುದುಕರಿಗೆ, ಮಕ್ಕಳಿಗೆ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಡ್ರೋನನ್ನು ಪೂರ್ತಿ ನಿಷೇಧಿಸಿ.

ಉತ್ತರ: ಕುಮಟಾದಿಂದ, ವೈದ್ಯೆ

ಋತುವಿನ ಪ್ರಶ್ನೆಗೆ ಆರೋಗ್ಯದ ಕಡೆಯಿಂದ ಉತ್ತರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಹಳ್ಳಗಳು, ಗುಡ್ಡಗಳು ಓಟಕ್ಕೆ ಯೋಗ್ಯವಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಇನ್ನೊಂದು ತುದಿಯಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಉಣುಗುಗಳಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತನಕ ಹೆಚ್ಚು ಕಾಣಿಸಿಕೊಳ್ಳುತ್ತದೆ, ಮತ್ತು 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕನ್ನು ಬಹಳ ಕಾಡಿತು. ಹಳೆಯ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಲಾಗಿದೆ. ಹಾಗಾಗಿ ಮಳೆ ನಿಂತು ದಾರಿ ಒಣಗುವ ನವೆಂಬರ್ ತಿಂಗಳೊಂದೇ ನನಗೆ ಸೂಕ್ತವಾಗಿ ಕಾಣುತ್ತದೆ. ಆಗಲೂ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೊರಡಬೇಕು, ಚೆಕ್‌ಪಾಯಿಂಟ್‌ಗಳಲ್ಲಿ ಮೈಮೇಲೆ ಉಣುಗು ಹುಡುಕಲು ಒಬ್ಬರನ್ನು ನೇಮಿಸಬೇಕು. ಉಂಬಳದ (ಜಿಗಣೆಯ) ಬಗ್ಗೆ ಊರಿನವರಲ್ಲದವರು ಹೆಚ್ಚು ಹೆದರುತ್ತಾರೆ, ಆದರೆ ಅದು ರಕ್ತ ಕುಡಿದು ಬಿಡುತ್ತದೆ ಅಷ್ಟೇ. ಕಾಣದಷ್ಟು ಸಣ್ಣ ಉಣುಗಿನ ಮರಿ ನಿಜವಾದ ಅಪಾಯ.

ಇಲ್ಲಿ ಬಹಳ ಮುಖ್ಯವಾದ ವಿಷಯವೊಂದಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ಬಳಿಕ ಜ್ವರ ಬರುತ್ತದೆ. ಆ ಹೊತ್ತಿಗೆ ಓಟಗಾರ ಬೆಂಗಳೂರಿಗೋ ಪುಣೆಗೋ ಮರಳಿರುತ್ತಾನೆ, ಅಲ್ಲಿನ ವೈದ್ಯರಿಗೆ ಮಂಗನ ಕಾಯಿಲೆ ನೆನಪಾಗುವುದೇ ಕಡಿಮೆ. ಪದಕದ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ: ಈ ದಿನಾಂಕದಂದು ಉತ್ತರ ಕನ್ನಡದ ಕಾಡಿನಲ್ಲಿ ಓಡಿದ್ದಾರೆ, ಜ್ವರ ಬಂದರೆ ಮಂಗನ ಕಾಯಿಲೆ ಮತ್ತು ಇಲಿ ಜ್ವರದ ಪರೀಕ್ಷೆ ಮಾಡಿಸಬೇಕು ಎಂದು ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಕೂಡದು. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಹೊತ್ತು ತರಬೇಕು. ನಮ್ಮಲ್ಲಿ ಸಿಗುವ ವಿಷನಿವಾರಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಘಟ್ಟದ ಪೊದೆಗಳಲ್ಲಿ ಹೆಚ್ಚಾಗಿರುವ ಗುಳಿಮಂಡಲಗಳ ಮೇಲೆ ಅದರ ಪರಿಣಾಮ ನೆಚ್ಚುವಂತಿಲ್ಲ, ಆದ್ದರಿಂದ ಚುಚ್ಚುಮದ್ದು ಇದೆಯೆಂಬ ಧೈರ್ಯದಿಂದ ಆಸ್ಪತ್ರೆಗೆ ಸಾಗಿಸುವುದನ್ನು ತಡ ಮಾಡಬಾರದು. ಗಂಭೀರ ಸ್ಥಿತಿಯವರನ್ನು ಘಟ್ಟದ ಮೇಲಿನಿಂದ ಹುಬ್ಬಳ್ಳಿಗೆ, ಕೆಳಗಿನಿಂದ ಮಣಿಪಾಲಕ್ಕೆ ಒಯ್ಯಬೇಕಾದ ಜಿಲ್ಲೆ ನಮ್ಮದು. ಹಾಗಾಗಿ ಆ್ಯಂಬುಲೆನ್ಸ್ ಎರಡೂ ಕಡೆ ನಿಂತಿರಬೇಕು.

ಘಟ್ಟದ ಕೆಳಗೆ ಬಂದ ಮೇಲೆ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈ ಕಾಯುತ್ತಲೇ ಹೋಗುತ್ತದೆ. ಆಗ ಗಾಬರಿಯಿಂದ ಲೀಟರುಗಟ್ಟಲೆ ನೀರು ಕುಡಿಯುವವರ ರಕ್ತದಲ್ಲಿ ಸೋಡಿಯಂ ಕುಸಿದು, ಫಿಟ್ಸ್ ಬಂದು ಜೀವಕ್ಕೇ ಎರವಾಗಬಹುದು. ಬಾಯಾರಿಕೆ ಆದಷ್ಟೇ ಕುಡಿಯಲು ಹೇಳಿ. ಉಪ್ಪು ಬೆರೆಸಿದ ಮುರುಗಲ ಪಾನಕ, ಗಂಜಿ, ಅಪ್ಪೆಹುಳಿ, ಬಾಳೆಹಣ್ಣು ಇಟ್ಟರೆ ಪೊಟ್ಟಣದ ಪುಡಿಗಳಿಗಿಂತ ಹೊಟ್ಟೆಗೆ ಹಿತ. ನೋವು ನಿವಾರಕ ಐಬುಪ್ರೊಫೆನ್ ಮಾತ್ರೆಗಳನ್ನು ಓಟದ ನಡುವೆ ಯಾರೂ ನುಂಗದಂತೆ ನಿಯಮ ಮಾಡಿ. ದಣಿದ ಸ್ನಾಯು ಮತ್ತು ಒಣಗಿದ ಮೈಯ ಜೊತೆ ಸೇರಿ ಅವು ಮೂತ್ರಪಿಂಡವನ್ನು ಕೆಡಿಸುತ್ತವೆ.

ಉತ್ತರ: ಘಟ್ಟದ ಅಂಚಿನ ಹಳ್ಳಿಯಿಂದ, ಕೃಷಿಕರು

ಮೇಲೆ ಬರೆದವರೆಲ್ಲ ತಿಳಿದವರು. ನಾನು ದಾರಿಯ ಮೇಲೆ ಬದುಕುವವನಾಗಿ ಎರಡು ಮಾತು ಸೇರಿಸುತ್ತೇನೆ.

ನವೆಂಬರ್‌ನಲ್ಲಿ ಗದ್ದೆ ಕೊಯ್ಲು ನಡೆದಿರುತ್ತದೆ, ಅಡಕೆ ಕೊನೆ ಇಳಿಸಲು ಶುರುವಾಗಿರುತ್ತದೆ. ಊರಿನ ಯುವಕರು ಎರಡು ದಿನ ನಿಮ್ಮ ಚೆಕ್‌ಪಾಯಿಂಟಿನಲ್ಲಿ ಕುಳಿತರೆ ಅವರ ಮನೆಯ ಕೆಲಸ ನಿಲ್ಲುತ್ತದೆ. ಟೀಶರ್ಟು, ಪ್ರಮಾಣಪತ್ರ ಕೊಟ್ಟು ಕಳಿಸಬೇಡಿ, ಆಳಿನ ಸಂಬಳದ ಲೆಕ್ಕದಲ್ಲಿ ಕೂಲಿ ಕೊಡಿ. ಹಂದಿ ಕಾಟಕ್ಕೆ ಗದ್ದೆಯ ಸುತ್ತ ರಾತ್ರಿ ಐಬೆಕ್ಸ್ ಬೇಲಿಗೆ ಕರೆಂಟು ಬಿಟ್ಟಿರುತ್ತೇವೆ. ಓಟದ ದಾರಿ ಯಾರ ಬೇಲಿಯ ಪಕ್ಕ ಹಾದುಹೋಗುತ್ತದೆಯೋ ಆ ಮನೆಗೆ ಹೋಗಿ, ಕೂತು ಮಾತಾಡಿ, ಒಪ್ಪಿಗೆ ಪಡೆಯಿರಿ. ಗ್ರಾಮ ಪಂಚಾಯತಿಯ ಠರಾವಿನ ಪ್ರತಿ ಇದ್ದರೆ ಸಾಕೆಂದು ತಿಳಿಯಬೇಡಿ. ದಣಪೆ (ಬೇಲಿಯ ಬಾಗಿಲಿನ ಅಡ್ಡಗಳ) ತೆಗೆದವರು ಮತ್ತೆ ಹಾಕಿಯೇ ಮುಂದೆ ಹೋಗಬೇಕು, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ.

ಎರಡನೆಯದು ನನಗೆ ಇನ್ನೂ ಮುಖ್ಯ. ನಿಮ್ಮ ಓಟದ ದಿನ ಘಟ್ಟದ ಕೆಳಗೂ ಮೇಲೂ ಆ್ಯಂಬುಲೆನ್ಸ್ ಇರುತ್ತದೆ ಎಂದು ಓದಿದೆ. ನಮ್ಮ ಕೇರಿಯಲ್ಲಿ ಮಳೆಗಾಲದಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಕಂಬಳಿಯಲ್ಲಿ ಜೋಲಿ ಕಟ್ಟಿ, ಗಳಕ್ಕೆ ತೂಗಿ, ಹಳ್ಳ ದಾಟಿಸಿ ರಸ್ತೆಗೆ ತರುತ್ತೇವೆ. ಹಾಗೆ ಹೊತ್ತು ತರಲು ಬಲ್ಲವರು ನಿಮಗೆ ಬೇಕಾಗಿದ್ದಾರೆ, ಅವರು ಬರುತ್ತಾರೆ. ಆದರೆ ನೀವು ಹೋದ ಮೇಲೆ ಹಳ್ಳಿಯಲ್ಲಿ ಏನು ಉಳಿಯುತ್ತದೆ? ಒಳ್ಳೆಯ ಸ್ಟ್ರೆಚರ್ ಒಂದು, ಪ್ರಥಮ ಚಿಕಿತ್ಸೆ ಕಲಿತ ನಾಲ್ಕು ಜನ, ಗಟ್ಟಿಯಾದ ಕಾಲುಸಂಕ ಒಂದು ಉಳಿಯುವುದಾದರೆ ಊರು ನಿಮ್ಮ ಜೊತೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಗುರುತಿಲ್ಲದ ದಾರಿಯ ಆಲೋಚನೆಯನ್ನು ನಾವು ಕೈಬಿಟ್ಟಿದ್ದೇವೆ. ರಾತ್ರಿ ಘಟ್ಟದ ಮೇಲೆ ಸುತ್ತುಗಳು, ಬೆಳಕಾದ ಮೇಲೆ ಇಳಿಯುವುದು, ಮೊದಲ ವರ್ಷ 60 ಓಟಗಾರರಿಗಿಂತ ಹೆಚ್ಚಿಲ್ಲ ಎಂದು ಇಂದಿನ ಸಭೆಯಲ್ಲಿ ಒಪ್ಪಿದ್ದೇವೆ. ಮುಂದಿನ ವಾರ ಅರಣ್ಯ ಕಚೇರಿಗೆ ನಕ್ಷೆ ಒಯ್ಯುತ್ತೇವೆ, ಅಲ್ಲಿ ಅಭಯಾರಣ್ಯದ ತುಣುಕು ಸಿಕ್ಕದಿದ್ದರೆ ಓಟವನ್ನು 80 ಕಿಲೋಮೀಟರ್‌ಗೆ ಇಳಿಸುತ್ತೇವೆ. ಕೃಷಿಕ ಹಿರಿಯರಲ್ಲಿ ಒಂದು ವಿನಂತಿ: ನೋಂದಣಿಯ ಹಣದಿಂದ ಕಾಲುಸಂಕಕ್ಕೆ ಪಾಲು ತೆಗೆದಿಡಲು ನಾವು ಸಿದ್ಧರಿದ್ದೇವೆ. ಯಾವ ಹಳ್ಳಕ್ಕೆ ಮೊದಲು ಬೇಕು, ಕೆಲಸ ಯಾವಾಗ ಮಾಡಿಸುವುದು ಸರಿ ಎಂದು ತಿಳಿಸುವಿರಾ?

ಉತ್ತರ: ಘಟ್ಟದ ಅಂಚಿನ ಹಳ್ಳಿಯ ಕೃಷಿಕರು

ಶಾಲೆಗೆ ಹೋಗುವ ಮಕ್ಕಳು ದಾಟುವ ಹಳ್ಳಕ್ಕೆ ಮೊದಲು. ಮಾರ್ಚ್‌ನಲ್ಲಿ ನೀರು ಇಳಿದಿರುತ್ತದೆ, ಆಗ ಅಡಿಪಾಯ ಹಾಕಿದರೆ ಮಳೆ ಹಿಡಿಯುವ ಮುನ್ನ ಕೆಲಸ ಮುಗಿಯುತ್ತದೆ. ಅರಣ್ಯ ಕಚೇರಿಯ ಕೆಲಸ ಆದ ಮೇಲೆ ಒಂದು ಭಾನುವಾರ ನಕ್ಷೆ ತೆಗೆದುಕೊಂಡು ಮನೆಗೆ ಬನ್ನಿ. ಊರಿನ ಇನ್ನೂ ನಾಲ್ಕು ಮನೆಯವರನ್ನು ಕರೆಸಿರುತ್ತೇನೆ, ದಾರಿಯನ್ನು ನಡೆದೇ ನೋಡಿ ಬರೋಣ.