ಮ್ಯಾಕ್ಸ್ ಸ್ಟೈನರ್ ಆರ್‌ಕೆಓ ವರ್ಷಗಳು: ಮೊದಮೊದಲು ಸಂಗೀತ ಅಷ್ಟು ಕಡಿಮೆ ಏಕೆ? ಜೊತೆಗೊಂದು ಕ್ಲಿಕ್ ಲೆಕ್ಕ

ಸ್ವರಲಿಪಿ:
ಹಾಲಿವುಡ್ ಸಂಗೀತ ಸಂಯೋಜಕ ಸ್ಟೈನರ್ ಬ್ರಾಡ್‌ವೇ ರಂಗಭೂಮಿ ಬಿಟ್ಟು ಆರ್‌ಕೆಓ ಸ್ಟುಡಿಯೊ ಸೇರಿದ್ದು 1929ರ ಕೊನೆಗೆ. 1931ರ ‘ಸಿಮರಾನ್’ನಲ್ಲಿ ಹಿನ್ನೆಲೆ ಸಂಗೀತವನ್ನು ಹುಡುಕಬೇಕು, ಮರುವರ್ಷದ ‘ಬರ್ಡ್ ಆಫ್ ಪ್ಯಾರಡೈಸ್’ನಲ್ಲಿ ಹೆಚ್ಚುಕಡಿಮೆ ಉದ್ದಕ್ಕೂ ಸಂಗೀತವೇ. ಅಷ್ಟರಲ್ಲಿ ಏನು ಬದಲಾಯಿತು? ಇನ್ನೊಂದು: ದೃಶ್ಯ ಫಿಲ್ಮಿನಲ್ಲಿ 37 ಅಡಿ 8 ಫ್ರೇಮ್, ಕ್ಲಿಕ್ (ವಾದ್ಯದವರು ತಾಳ ಹಿಡಿಯಲು ಹೆಡ್‌ಫೋನಿನಲ್ಲಿ ಕೇಳುವ ಟಕ್ ಸದ್ದು) 12 ಫ್ರೇಮಿಗೊಂದು. ದೃಶ್ಯದ ಕೊನೆಗೆ ಕೂಡಬೇಕಾದ ಜೋರು ಏಟನ್ನು 50ನೇ ಬಡಿತಕ್ಕೆ ಇಟ್ಟರೆ ಅರ್ಧ ಸೆಕೆಂಡ್ ಮುಂಚೆ ಬೀಳುತ್ತದೆ. ಎಲ್ಲಿ ತಪ್ಪಿದೆ?

ರೀಲುಡಬ್ಬಿ:
ಅಭಿರುಚಿಗಿಂತ ಮೊದಲು ಬದಲಾದದ್ದು ಯಂತ್ರ. ಆರಂಭದ ಟಾಕಿಗಳಲ್ಲಿ ಮಾತು, ಸಂಗೀತ ಎರಡನ್ನೂ ಸೆಟ್ಟಿನಲ್ಲಿ ಒಟ್ಟಿಗೇ ಮುದ್ರಿಸುತ್ತಿದ್ದರು. ಆಮೇಲೆ ಎಡಿಟರ್ ಕತ್ತರಿ ಆಡಿಸಿದರೆ ಮಾತಿನ ಜೊತೆ ರಾಗವೂ ತುಂಡು. ಬೇರೆ ಬೇರೆ ಮುದ್ರಿಸಿ ಬೆರೆಸೋಣವೆಂದರೆ ಕರಕರ ಏರಿ ಮಾತು ಮಸುಕಾಗುತ್ತಿತ್ತು. 1931-32ರ ಹೊತ್ತಿಗೆ ಅದು ಸುಧಾರಿಸಿತು. ನಮ್ಮ ಚಿತ್ರರಂಗದವರು ಇವತ್ತಿಗೂ ಹಿನ್ನೆಲೆ ಸಂಗೀತಕ್ಕೆ ರೀರೆಕಾರ್ಡಿಂಗ್ ಅನ್ನುತ್ತಾರಲ್ಲ, ಈ ಬೆರೆಸುವ ಕೆಲಸದ್ದೇ ಆ ಹೆಸರು.

ವಾದ್ಯವೇ ಕಾಣದೆ ಸಂಗೀತ ಎಲ್ಲಿಂದ ಬಂತು ಎಂದು ಜನ ಕೇಳಿಯಾರೆಂಬ ಅಳುಕೂ ನಿರ್ಮಾಪಕರಿಗಿತ್ತು. 1933ರ ‘ಕಿಂಗ್ ಕಾಂಗ್’ನಲ್ಲಿ ಟೈಟಲ್ ಮುಗಿದ ಮೇಲೆ ನ್ಯೂಯಾರ್ಕ್ ಭಾಗಕ್ಕೂ ಹಡಗಿನ ಪಯಣಕ್ಕೂ ಸಂಗೀತವಿಲ್ಲ, ಹಡಗು ಮಂಜಿನೊಳಗೆ ಹೊಕ್ಕ ಮೇಲೆಯೇ ವಾದ್ಯ ಎದ್ದುಕೊಳ್ಳುವುದು. ನನ್ನ ಲೆಕ್ಕದಲ್ಲಿ ಅದು ಅಳುಕಲ್ಲ, ಜಾಣತನ.

ತಾಳಪಟ್ಟಿ:
ನಿಮ್ಮದು ಒಂದು ಬಡಿತದ ತಪ್ಪು. 35 ಎಂಎಂನಲ್ಲಿ ಅಡಿಗೆ 16 ಫ್ರೇಮ್; 37×16+8=600. ಸೆಕೆಂಡಿಗೆ 24ರಂತೆ 25 ಸೆಕೆಂಡ್. ಮೊದಲ ಬಡಿತ ಸೊನ್ನೆಯಲ್ಲೇ ಬೀಳುವುದರಿಂದ 50 ಅಂತರ ಮುಗಿದಾಗ ಬರುವುದು 51ನೆಯದು.

ಆದರೆ ನಾಲ್ಕರ ಎಣಿಕೆಯಲ್ಲಿ ಅದು 13ನೇ ಬಾರಿನ (ಬಾರ್, ಅಂದರೆ ಇಲ್ಲಿ ನಾಲ್ಕು ಬಡಿತದ ಆವರ್ತ) ಮೂರನೇ ಬಡಿತ, ಏಟಿಗೆ ಬಲ ಸಾಲದು. 600ನ್ನು 12 ಪೂರ್ತಿ ಬಾರಿನ 48 ಬಡಿತದಿಂದ ಭಾಗಿಸಿ: 12.5 ಫ್ರೇಮ್. ಸ್ಟುಡಿಯೊ ಬರಹದಲ್ಲಿ ಇದು 12-4; ಎರಡನೇ ಅಂಕಿ ಫ್ರೇಮಿನ ಎಂಟನೇ ಒಂದು ಪಾಲಿನ ಲೆಕ್ಕ. ನಿಮಿಷಕ್ಕೆ 1440 ಫ್ರೇಮ್, ಹಾಗಾಗಿ ವೇಗ 1440÷12.5, ಅಂದರೆ ನಿಮಿಷಕ್ಕೆ 115.2 ಬಡಿತ. ಈಗ ಏಟು ಸರಿಯಾಗಿ 13ನೇ ಬಾರಿನ ಮೊದಲ ಬಡಿತಕ್ಕೆ. ಫ್ರೇಮಿಗೆ ಅಂಚಿನ ರಂಧ್ರ 4, ಹಾಗಾಗಿ 50 ರಂಧ್ರಕ್ಕೊಂದು ಕ್ಲಿಕ್.

ಚಿತ್ರಕ್ಕೆ ಮುಂಚೆ 8 ಖಾಲಿ ಕ್ಲಿಕ್ ಬಿಡಿ, ಇಲ್ಲದಿದ್ದರೆ ವಾದ್ಯದವರು ಎಡುಪಿನಲ್ಲೇ (ಎತ್ತಿಕೊಳ್ಳುವ ಜಾಗದಲ್ಲೇ) ತಡವರಿಸುತ್ತಾರೆ. ಹೆಡ್‌ಫೋನ್ ಸದ್ದು ಜಾಸ್ತಿಯಾದರೆ ಮೆಲುದನಿಯ ಜಾಗದಲ್ಲಿ ಕ್ಲಿಕ್ ಮೈಕಿಗೆ ಸೋರುತ್ತದೆ.

ಸ್ವರಲಿಪಿ:
12-4 ಕೂತಿತು ಸಾರ್. ಸ್ಟೈನರ್ ಅವರ ಮೊದಲ ಆಸ್ಕರ್ ಪಟ್ಟಿಯಲ್ಲಿ ‘ಸಂಗೀತ ವಿಭಾಗ’ ಎಂದಿದೆಯಲ್ಲ?

ರೀಲುಡಬ್ಬಿ:
1937ರ ಚಿತ್ರಗಳವರೆಗೆ ಆ ಪ್ರಶಸ್ತಿ ಸ್ಟುಡಿಯೊ ವಿಭಾಗಕ್ಕೆ, ಪಡೆಯುವವರು ಮುಖ್ಯಸ್ಥರು. 1935ರ ‘ದಿ ಇನ್ಫಾರ್ಮರ್’ ಹೊತ್ತಿಗೆ ಆರ್‌ಕೆಓ ಮುಖ್ಯಸ್ಥರು ಸ್ಟೈನರೇ, ಹಾಗಾಗಿ ತೊಡಕಿಲ್ಲ. ಮರುವರ್ಷದ ‘ಆಂಥನಿ ಅಡ್ವರ್ಸ್’ ನೋಡಿ: ಬರೆದವರು ಕಾರ್ನ್‌ಗೋಲ್ಡ್, ಪ್ರಶಸ್ತಿ ಹೋದದ್ದು ವಾರ್ನರ್ ವಿಭಾಗದ ಲಿಯೊ ಫೋರ್ಬ್‌ಸ್ಟೈನ್ ಕೈಗೆ.