ರಸ್ತೆ ಕಾಮಗಾರಿ ಕಡತ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ: ಮುಂದೇನು?

ಹಾವೇರಿ_ವಾರಪತ್ರಿಕೆ
ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ರಸ್ತೆ ಕಾಮಗಾರಿಯ ಅಂದಾಜು ಪತ್ರಿಕೆ, ಅಳತೆ ಪುಸ್ತಕ, ಗುತ್ತಿಗೆದಾರರ ಬಿಲ್ಲುಗಳ ನಕಲನ್ನು ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ಕೇಳಿದ್ದೆವು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಪ್ರಕಾರ ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ ಎಂದು ಹಿಂಬರಹ ಬಂದಿದೆ. ಪತ್ರಿಕಾ ಸ್ವಾತಂತ್ರ್ಯಕ್ಕೆ ಯಾವ ಕಾನೂನಿನಲ್ಲಿ ಮಾನ್ಯತೆ ಇದೆ? ಮೇಲ್ಮನವಿಯಲ್ಲಿ ಅದನ್ನೇ ಎತ್ತಿದರೆ ನಡೆಯುತ್ತದೆಯೇ?

ಧಾರವಾಡ_ಕಾನೂನು
ನಡೆಯುವುದಿಲ್ಲ. ಸ್ವೀಡನ್ 1766ರಲ್ಲೇ ಪತ್ರಿಕಾ ಸ್ವಾತಂತ್ರ್ಯ ಮತ್ತು ಸರ್ಕಾರಿ ಕಡತ ನೋಡುವ ಹಕ್ಕು ಎರಡನ್ನೂ ಒಂದೇ ಕಾನೂನಿನಲ್ಲಿ ಬರೆಯಿತು. ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ 19(1)(ಎ) ವಿಧಿಯಲ್ಲಿ ‘ಪತ್ರಿಕೆ’ ಎಂಬ ಪದವೇ ಇಲ್ಲ. ನಾಗರಿಕನಿಗಿಲ್ಲದ ವಿಶೇಷ ಹಕ್ಕು ಪತ್ರಿಕೆಗೂ ಇಲ್ಲ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ವಿವರಿಸಿದ್ದರು. ಆ ವಿಧಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಅಡಕವಾಗಿದೆ ಎಂಬುದು 1950ರ ರೊಮೇಶ್ ಥಾಪರ್ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹೇಳುತ್ತ ಬಂದ ಮಾತು. ಜನರ ತಿಳಿಯುವ ಹಕ್ಕನ್ನು 1975ರ ರಾಜ್ ನಾರಾಯಣ್ ಪ್ರಕರಣ ಎತ್ತಿಹಿಡಿಯಿತು. ಕರ್ನಾಟಕವಂತೂ ಕೇಂದ್ರಕ್ಕಿಂತ ಮೊದಲು, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು.

ಈಗ ಚಾಲ್ತಿಯಲ್ಲಿರುವುದು 2005ರ ಕಾಯ್ದೆ. ಅದರ ಸೆಕ್ಷನ್ 3 ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಲೆಟರ್‌ಹೆಡ್ ಬಳಸಿದರೆ ‘ಸಂಸ್ಥೆ ಕೇಳಿದೆ’ ಎಂದು ತಳ್ಳಿಹಾಕಲು ದಾರಿ ಮಾಡಿಕೊಟ್ಟಂತೆ. ನಿಮ್ಮ ಹೆಸರು, ಮನೆ ವಿಳಾಸ ಸಾಕು. ಯಾಕೆ ಬೇಕು ಎಂದು ಹೇಳಬೇಕಿಲ್ಲ, 6(2) ನೋಡಿ.

8(1)(ಜೆ) ವಿಷಯ ಗಂಭೀರ. ಮೊದಲು ಆ ಉಪಬಂಧದಲ್ಲೇ ಸಾರ್ವಜನಿಕ ಹಿತದ ಮಾತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅದನ್ನು ತೆಗೆದುಹಾಕಿತು, ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಪಾರದರ್ಶಕತೆಗೆ ಬಿದ್ದ ದೊಡ್ಡ ಪೆಟ್ಟು ಇದು. ಆದರೆ 8(2) ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆಂದಾದರೆ ಮಾಹಿತಿ ಕೊಡಬಹುದು. ಸೆಕ್ಷನ್ 10 ಕೂಡ ಇದೆ: ಕೊಡಬಾರದ ಭಾಗ ಮರೆಮಾಚಿ ಉಳಿದದ್ದನ್ನು ಕೊಡಬೇಕು. ಮೇಲ್ಮನವಿಯಲ್ಲಿ ಹೀಗೆ ಬರೆಯಿರಿ: ‘ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ಆಧಾರ್ ಬೇಡ. ಅವನ್ನು ಅಳಿಸಿ ಉಳಿದ ಪುಟಗಳನ್ನು ಕೊಡಿ.’ ಅಳತೆ ಪುಸ್ತಕದಲ್ಲಿರುವುದು ರಸ್ತೆಯ ಉದ್ದ, ಅಗಲ, ದಪ್ಪ. ಅದು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ನಿರಾಕರಣೆ ಸರಿ ಎಂದು ತೋರಿಸುವ ಹೊಣೆ 19(5)ರಂತೆ ಅಧಿಕಾರಿಯದ್ದೇ.

ಹಿಂಬರಹ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಜೊತೆಗೆ ಸ್ವಂತ ಹೆಸರಲ್ಲಿ ಹೊಸ ಅರ್ಜಿಯನ್ನೂ ಹಾಕಿ.

ಹುಬ್ಬಳ್ಳಿ_ಆರ್‌ಟಿಐ
ಮ್ಯಾಲಿನವ್ರು ಹೇಳಿದ್ದು ಖರೆ. ಹೊಸಾ ಅರ್ಜಿ ಬರಿಯೂ ಮುಂದ ಇಷ್ಟು ನೋಡ್ಕೋರಿ. ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ. ನಾಕು ರಸ್ತಾ ಸೇರಿಸಿ ಒಂದ ಅರ್ಜಿ ಬರದ್ರ ಅಷ್ಟ ನೆಪ ಸಾಕು. ಕಾಮಗಾರಿಗೆ ಒಂದರಂಗ ಅರ್ಜಿ ಮಾಡ್ರಿ, ಪ್ರತಿಯೊಂದಕ್ಕೂ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅದರ ನಂಬರ್ ಅರ್ಜಿಯೊಳಗ ಬರೀರಿ.

‘ರಸ್ತಾ ಯಾಕ ಕಿತ್ತು ಹೋತು?’ ಅಂತ ಕೇಳಬ್ಯಾಡ್ರಿ. ಕಡತದಾಗ ಇದ್ದದ್ದು ಕೊಡೂದು ಅವರ ಕೆಲಸ, ಕಾರಣ ಹುಡುಕಿ ಹೇಳೂದಲ್ಲ. ಕಾಮಗಾರಿ ಹೆಸರು, ವರ್ಷ, ಕಾರ್ಯಾದೇಶದ ಸಂಖ್ಯೆ ಹಾಕಿ ‘ಎಂ.ಬಿ. (ಅಳತೆ ಪುಸ್ತಕ) ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಅಂತಿಮ ಬಿಲ್ಲು, ಇವುಗಳ ದೃಢೀಕೃತ ನಕಲು’ ಅಂತ ಕೇಳ್ರಿ. ಮುದ್ದಾಂ ಕೊಟ್ರ ಟಪಾಲು ವಿಭಾಗದ ಸೀಲು, ತಾರೀಖು ಇರೂ ಸ್ವೀಕೃತಿ ಬಿಡಬ್ಯಾಡ್ರಿ. ಅವರು ಉತ್ತರ ಕೊಡಬೇಕಾದ 30 ದಿನದ ಲೆಕ್ಕ ನಿಲ್ಲೂದು ಅದರ ಮ್ಯಾಲ.

ಎ4 ಪುಟಕ್ಕ 2 ರೂಪಾಯಿ. ಶುಲ್ಕ ಕಟ್ರಿ ಅಂತ ಪತ್ರ ಬಂದ್ರ ಲಗೂ ಕಟ್ರಿ, ಪತ್ರ ಕಳಿಸಿದ ದಿನದಿಂದ ನೀವು ಕಟ್ಟೂತನಕ ಆ 30 ದಿನ ಓಡಂಗಿಲ್ಲ. ಅವಧಿ ಮೀರಿಸಿದ್ರ 7(6)ರ ಪ್ರಕಾರ ನಕಲು ಪುಕ್ಕಟೆ.

ಗದಗ_ಕಡತ
ನಕಲಿಗಿಂತ ಮೊದಲು ಕಡತ ಪರಿಶೀಲನೆ ಕೇಳುವುದು ಒಳ್ಳೆಯದು. ಯಾವ ಪುಟ ಬೇಕೆಂಬುದು ಆಗಲೇ ಗೊತ್ತಾಗುತ್ತದೆ. ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯ ಜಾಗವನ್ನೇ ಪರಿಶೀಲಿಸಬಹುದು, ಬಳಸಿದ ವಸ್ತುವಿನ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ರಸ್ತೆ ವಿಷಯದಲ್ಲಿ ಇದರಷ್ಟು ಬಲವಾದ ಅಸ್ತ್ರ ಇನ್ನೊಂದಿಲ್ಲ, ಆದರೂ ಬಳಸುವವರು ಕಡಿಮೆ.

ಮೊದಲ ಮೇಲ್ಮನವಿಗೆ 30, ಹೆಚ್ಚೆಂದರೆ 45 ದಿನದಲ್ಲಿ ಆದೇಶ ಆಗಬೇಕು. ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಮಾಹಿತಿ ಕೊಡದ ಅಧಿಕಾರಿಗೆ ಸೆಕ್ಷನ್ 20ರ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಅದು ಸರ್ಕಾರಕ್ಕೆ ಹೋಗುತ್ತದೆ. ನಿಮಗೆ ನಷ್ಟವಾಗಿದ್ದರೆ 19(8)(ಬಿ) ಅಡಿ ಪರಿಹಾರವನ್ನು ಬೇರೆಯಾಗಿಯೇ ಕೇಳಬೇಕು.

ಹಾವೇರಿ_ವಾರಪತ್ರಿಕೆ
ತುಂಬಾ ಉಪಕಾರವಾಯಿತು. ದಾಖಲೆ ಸಿಕ್ಕ ಮೇಲೆ ಅಚ್ಚು ಹಾಕಿದರೆ ಮಾನನಷ್ಟದ ಭಯ ಇರುತ್ತದೆಯೇ?

ಧಾರವಾಡ_ಕಾನೂನು
ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರ ಮೊದಲ ವಿನಾಯಿತಿಗೆ ಸತ್ಯವೊಂದೇ ಸಾಲದು, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ್ದೂ ಆಗಿರಬೇಕು. ಆದ್ದರಿಂದ ‘ಲೂಟಿ’ ಎಂದು ತಲೆಬರಹ ಕೊಡಬೇಡಿ. ‘ಎಂ.ಬಿ.ಯಲ್ಲಿ ಇಷ್ಟು ದಪ್ಪ, ಸ್ಥಳದಲ್ಲಿ ಅಳೆದಾಗ ಇಷ್ಟು’ ಎಂದು ಪುಟಸಂಖ್ಯೆ ಸಮೇತ ಬರೆಯಿರಿ. ಗುತ್ತಿಗೆದಾರರಿಗೂ ಎಂಜಿನಿಯರಿಗೂ ಮೊದಲೇ ಲಿಖಿತ ಪ್ರಶ್ನೆ ಕಳಿಸಿ, ಬಂದ ಉತ್ತರವನ್ನು ಅದೇ ವರದಿಯಲ್ಲಿ ಹಾಕಿ. ದೃಢೀಕೃತ ನಕಲಿನ ಮೂಲ ಪ್ರತಿಗೆ ಪಂಚ್ ಹೊಡೆಯದೆ ಎತ್ತಿಡಿ, ಕೆಲಸಕ್ಕೆ ಝೆರಾಕ್ಸ್ ಬಳಸಿ.